ನ್ಯಾಸ್ಮ್ ಅಸೆಂಬ್ಲರ್: ಕಲಿಕೆಯ ಸಾಮಗ್ರಿ ಮತ್ತು ನೆರವು

ನ್ಯಾಸ್ಮ್ ಅಥವಾ ನೆಟ್‌ವೈಡ್ ಅಸೆಂಬ್ಲರ್ ಎಂಬುದು ಇಂಟೆಲ್ ಎಕ್ಸ್86 ವರ್ಗದ ಪ್ರೊಸೆಸರ್‌ಗಳಿಗಾಗಿ ರಚಿತವಾದ ಒಂದು ಮುಕ್ತ ಅಸೆಂಬ್ಲರ್. ಇದರಿಂದ 16, 32 ಮತ್ತು 64 ಬಿಟ್‌ಗಳ ಕ್ರಮವಿಧಿಗಳನ್ನು ಸಿದ್ಧಪಡಿಸಬಹುದು. ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದು ಉಚಿತವಾಗಿ ದೊರೆಯುತ್ತದೆ. ಇದನ್ನು ಬಳಸಿ ಅಸೆಂಬ್ಲಿ ಭಾಷೆಯನ್ನು ಕಲಿಯುವವರಿಗೆ ಲಭ್ಯವಿರುವ ಕೈಪಿಡಿಗಳು, ಪುಸ್ತಕಗಳು, ಸಹಾಯಕ ಉಪಕರಣಗಳು ಮತ್ತು ಸಾಮಾನ್ಯವಾಗಿ ಎದುರಾಗುವ ತೊಡಕುಗಳ ಪರಿಹಾರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಣಕದ ಪ್ರೊಸೆಸರ್ ಅರಿಯುವುದು ಸಂಖ್ಯೆಗಳನ್ನು ಮಾತ್ರ. 'ಇಎಎಕ್ಸ್' ಎಂಬ ರಿಜಿಸ್ಟರಿನಲ್ಲಿ 5 ಎಂಬ ಬೆಲೆಯನ್ನು ಇರಿಸು ಎಂಬ ಆದೇಶವು 32 ಬಿಟ್ ಕ್ರಮವಿಧಿಯಲ್ಲಿ ಹದಿನಾರರ ಪದ್ಧತಿಯ 'ಬಿ8 05 00 00 00' ಎಂಬ ಐದು ಬೈಟ್‌ಗಳಾಗಿರುತ್ತದೆ. ಇಂತಹ ಸಂಖ್ಯೆಗಳನ್ನು ನೆನಪಿಟ್ಟು ಬರೆಯುವುದು ಕಷ್ಟಸಾಧ್ಯವಾದ್ದರಿಂದ, 'ಮೂವ್ ಇಎಎಕ್ಸ್, 5' ಎಂದು ಬರೆಯಲು ಅವಕಾಶ ನೀಡುವ ಅಸೆಂಬ್ಲಿ ಭಾಷೆ ಹುಟ್ಟಿಕೊಂಡಿತು. ಆ ಬರೆಹವನ್ನು ಸಂಖ್ಯೆಗಳಿಗೆ ಪರಿವರ್ತಿಸುವ ತಂತ್ರಾಂಶವೇ ಅಸೆಂಬ್ಲರ್.

ಇತಿಹಾಸ

ನ್ಯಾಸ್ಮ್‌ನ ಮೂಲ ಕರ್ತೃಗಳು ಸೈಮನ್ ಟ್ಯಾಥಮ್ ಮತ್ತು ಜೂಲಿಯನ್ ಹಾಲ್. ಇದರ ಮೊದಲ ಆವೃತ್ತಿ 1996ರಲ್ಲಿ ಬಿಡುಗಡೆಯಾಯಿತು. ಆ ಕಾಲದಲ್ಲಿ ಎಕ್ಸ್86ಕ್ಕೆ ಇದ್ದ ಉತ್ತಮ ಅಸೆಂಬ್ಲರ್‌ಗಳಲ್ಲಿ ಕೆಲವು ಹಣ ಕೊಟ್ಟು ಕೊಳ್ಳಬೇಕಾದವು, ಕೆಲವು ಡಾಸ್ ವ್ಯವಸ್ಥೆಯೊಂದಕ್ಕೇ ಸೀಮಿತವಾದವು. ಮುಕ್ತವಾಗಿದ್ದ ಗ್ಯಾಸ್ ಅಸೆಂಬ್ಲರ್ ಮುಖ್ಯವಾಗಿ ಸಿ ಭಾಷೆಯ ಕಂಪೈಲರಿನ ಹಿಂಬದಿಯ ಕೆಲಸಕ್ಕೆಂದು ರೂಪುಗೊಂಡಿತ್ತು. ಮನುಷ್ಯರು ನೇರವಾಗಿ ಬರೆಯಲು ಅದು ಅಷ್ಟು ಅನುಕೂಲವಾಗಿರಲಿಲ್ಲ. ಈ ಕೊರತೆಯನ್ನು ತುಂಬುವುದೇ ನ್ಯಾಸ್ಮ್‌ನ ಉದ್ದೇಶವಾಗಿತ್ತು.

2007ರಲ್ಲಿ ಬಂದ 2.00 ಆವೃತ್ತಿಯಿಂದ 64 ಬಿಟ್ ಬೆಂಬಲ ಸೇರಿತು. 2009ರಲ್ಲಿ 2.07 ಆವೃತ್ತಿಯೊಡನೆ ಇದು ಸರಳ ಬಿಎಸ್‌ಡಿ ಪರವಾನಗಿಯ ಅಡಿಗೆ ಬಂದಿತು. ಹೀಗಾಗಿ ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಮುಂದಿನ ವರ್ಷಗಳಲ್ಲಿ ಎಚ್. ಪೀಟರ್ ಆನ್ವಿನ್ ಅವರ ನೇತೃತ್ವದ ತಂಡವು ಇದರ ಅಭಿವೃದ್ಧಿಯನ್ನು ಮುಂದುವರಿಸಿದೆ.

ಅಧಿಕೃತ ಕೈಪಿಡಿ

ನ್ಯಾಸ್ಮ್‌ನೊಂದಿಗೆ ಬರುವ ಕೈಪಿಡಿಯೇ ಇದರ ಬಳಕೆದಾರರ ಮೊದಲ ಆಧಾರಗ್ರಂಥ. ಇದರಲ್ಲಿ ಆದೇಶ ಸಾಲಿನ ಆಯ್ಕೆಗಳು, ಭಾಷೆಯ ವ್ಯಾಕರಣ, ಮ್ಯಾಕ್ರೋಗಳು, ಫಲಿತಾಂಶದ ಕಡತ ವಿನ್ಯಾಸಗಳು ಹಾಗೂ 16, 32 ಮತ್ತು 64 ಬಿಟ್ ಕ್ರಮವಿಧಿಗಳನ್ನು ಬರೆಯುವ ಕ್ರಮ ಇವುಗಳ ಕುರಿತು ಪ್ರತ್ಯೇಕ ಅಧ್ಯಾಯಗಳಿವೆ. ಸಾಮಾನ್ಯ ತೊಂದರೆಗಳಿಗೇ ಮೀಸಲಾದ ಒಂದು ಕಿರು ಅಧ್ಯಾಯವೂ ಇದೆ. ಹೊಸಬರು ಕೇಳುವ ಹಲವು ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ದೊರೆಯುತ್ತದೆ.

ಉದಾಹರಣೆಗೆ, ಗಣಕವನ್ನು ಚಾಲನೆಗೊಳಿಸುವ ಬೂಟ್ ವಿಭಾಗವು 512 ಬೈಟ್‌ಗಳಷ್ಟಿರಬೇಕು ಮತ್ತು ಅದರ ಕೊನೆಯ ಎರಡು ಬೈಟ್‌ಗಳು ಹದಿನಾರರ ಪದ್ಧತಿಯ 55 ಮತ್ತು ಎಎ ಆಗಿರಬೇಕು. ನಡುವಿನ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಲು 'ಟೈಮ್ಸ್' ಎಂಬ ಆದೇಶವಿದೆ. 510ರಿಂದ ಒಂದು ಡಾಲರ್ ಚಿಹ್ನೆಯನ್ನು ಕಳೆದು ಬರೆದರೆ ನ್ಯಾಸ್ಮ್ ತಪ್ಪು ತೋರಿಸುತ್ತದೆ. ಏಕೆಂದರೆ ಒಂದು ಡಾಲರ್ ಚಿಹ್ನೆ ಎಂದರೆ ಪ್ರಸ್ತುತ ಸ್ಥಳದ ವಿಳಾಸ. ಅದು ಶುದ್ಧ ಸಂಖ್ಯೆಯಲ್ಲ. ಎರಡು ಡಾಲರ್ ಚಿಹ್ನೆ ಎಂದರೆ ಆ ವಿಭಾಗದ ಆರಂಭದ ವಿಳಾಸ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಇದುವರೆಗೆ ಬರೆದ ಬೈಟ್‌ಗಳ ಎಣಿಕೆ ಶುದ್ಧ ಸಂಖ್ಯೆಯಾಗಿ ಸಿಗುತ್ತದೆ. ಅದನ್ನು 510ರಿಂದ ಕಳೆಯಬೇಕು.

ಕೈಪಿಡಿಯ ಒಂದು ಮಿತಿಯನ್ನು ತಿಳಿದಿರುವುದು ಒಳ್ಳೆಯದು. ಹಳೆಯ 0.98 ಆವೃತ್ತಿಯ ಕೈಪಿಡಿಯಲ್ಲಿ ಪ್ರತಿಯೊಂದು ಪ್ರೊಸೆಸರ್ ಆದೇಶದ ವಿವರಣೆಯೂ ಇತ್ತು. ಆದೇಶಗಳ ಸಂಖ್ಯೆ ಬೆಳೆಯುತ್ತ ಹೋದಂತೆ ಆ ಭಾಗವನ್ನು ಕೈಬಿಟ್ಟು ಆದೇಶಗಳ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಆದ್ದರಿಂದ ಒಂದು ಆದೇಶವನ್ನು ಹೇಗೆ ಬರೆಯಬೇಕು ಎಂಬುದನ್ನು ನ್ಯಾಸ್ಮ್ ಕೈಪಿಡಿಯಲ್ಲಿಯೂ, ಅದು ಏನು ಮಾಡುತ್ತದೆ ಎಂಬುದನ್ನು ಪ್ರೊಸೆಸರ್ ತಯಾರಕರ ಕೈಪಿಡಿಯಲ್ಲಿಯೂ ನೋಡಬೇಕಾಗುತ್ತದೆ.

ಪ್ರೊಸೆಸರ್ ತಯಾರಕರ ಕೈಪಿಡಿಗಳು

ಇಂಟೆಲ್ ಸಂಸ್ಥೆಯ ತಂತ್ರಾಂಶ ರಚನಕಾರರ ಕೈಪಿಡಿಯು ನಾಲ್ಕು ಸಂಪುಟಗಳಲ್ಲಿದ್ದು ಉಚಿತವಾಗಿ ದೊರೆಯುತ್ತದೆ. ಇದರ ಎರಡನೆಯ ಸಂಪುಟದಲ್ಲಿ ಎಲ್ಲ ಆದೇಶಗಳ ವಿವರಣೆ ಅಕಾರಾದಿಯಾಗಿದೆ. ಎಎಮ್‌ಡಿ ಸಂಸ್ಥೆಯ ಕೈಪಿಡಿಯ ಮೂರನೆಯ ಸಂಪುಟವು ಸಾಮಾನ್ಯ ಬಳಕೆಯ ಆದೇಶಗಳನ್ನು ವಿವರಿಸುತ್ತದೆ. ಸಾವಿರಾರು ಪುಟಗಳ ಈ ಗ್ರಂಥಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ನಿಘಂಟಿನಂತೆ ಬೇಕಾದ ಪುಟವನ್ನು ತೆರೆದು ನೋಡಿದರೆ ಸಾಕು. ಒಂದು ಆದೇಶವು ಯಾವ ಫ್ಲ್ಯಾಗ್‌ಗಳನ್ನು ಬದಲಿಸುತ್ತದೆ ಎಂಬ ಭಾಗವನ್ನು ಗಮನವಿಟ್ಟು ಓದಬೇಕು. ಹೋಲಿಕೆ ಮತ್ತು ಜಿಗಿತದ ಆದೇಶಗಳು ಸರಿಯಾಗಿ ನಡೆಯುವುದು ಆ ಫ್ಲ್ಯಾಗ್‌ಗಳನ್ನು ಅವಲಂಬಿಸಿಯೇ. ಕ್ರಮವಿಧಿಯ ವೇಗವನ್ನು ಹೆಚ್ಚಿಸಬಯಸುವವರಿಗೆ ಆಗ್ನರ್ ಫಾಗ್ ಅವರು ಉಚಿತವಾಗಿ ಪ್ರಕಟಿಸಿರುವ ಕೈಪಿಡಿಗಳು ಉಪಯುಕ್ತವಾಗಿವೆ.

ಕಾರ್ಯಾಚರಣ ವ್ಯವಸ್ಥೆಯ ನಿಯಮಗಳು

ಪರದೆಯ ಮೇಲೆ ಒಂದು ಪದವನ್ನು ಮೂಡಿಸುವುದು ಅಸೆಂಬ್ಲರಿನ ಕೆಲಸವಲ್ಲ, ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಈ ವ್ಯತ್ಯಾಸ ಅರಿಯದ ವಿದ್ಯಾರ್ಥಿಯು ಉತ್ತರವನ್ನು ತಪ್ಪು ಸ್ಥಳದಲ್ಲಿ ಹುಡುಕುತ್ತ ದಿನಗಳನ್ನು ಕಳೆಯುವ ಸಂಭವವಿದೆ.

ಲಿನಕ್ಸ್‌ನ 32 ಬಿಟ್ ಕ್ರಮವಿಧಿಯಲ್ಲಿ ಬರೆಯುವ ಸೇವೆಯ ಸಂಖ್ಯೆ 4, ಮುಕ್ತಾಯದ ಸೇವೆಯ ಸಂಖ್ಯೆ 1. ಆದರೆ 64 ಬಿಟ್‌ನಲ್ಲಿ ಬರೆಯುವ ಸೇವೆಯ ಸಂಖ್ಯೆ 1, ಮುಕ್ತಾಯದ್ದು 60. ಕರೆಯುವ ಆದೇಶವೂ ಬೇರೆ: ಮೊದಲನೆಯದರಲ್ಲಿ ಹದಿನಾರರ ಪದ್ಧತಿಯ 80 ಎಂಬ ಇಂಟರಪ್ಟ್, ಎರಡನೆಯದರಲ್ಲಿ 'ಸಿಸ್‌ಕಾಲ್'. ಹಳೆಯ ಪಾಠದ ಸಂಖ್ಯೆಗಳನ್ನು ಹೊಸ ಆದೇಶದೊಂದಿಗೆ ಬೆರೆಸಿದರೆ, ಮುಕ್ತಾಯವಾಗಬೇಕಾದ ಕ್ರಮವಿಧಿಯು ಮತ್ತೆ ಬರೆಯಲು ಹೋಗುತ್ತದೆ. ಮುಕ್ತಾಯದ ಕರೆಯನ್ನೇ ಮರೆತರೆ ಪ್ರೊಸೆಸರ್ ಕ್ರಮವಿಧಿಯ ಅಂತ್ಯವನ್ನು ದಾಟಿ ಮುಂದುವರಿದು, ಸಾಮಾನ್ಯವಾಗಿ 'ಸೆಗ್‌ಮೆಂಟೇಶನ್ ಫಾಲ್ಟ್' ಎಂಬ ದೋಷದೊಂದಿಗೆ ನಿಲ್ಲುತ್ತದೆ.

ಸಿ ಭಾಷೆಯ ಕಾರ್ಯಗಳನ್ನು ಕರೆಯುವಾಗಲೂ ನಿಯಮಗಳಿವೆ. 64 ಬಿಟ್ ಲಿನಕ್ಸ್‌ನಲ್ಲಿ ಮೊದಲ ಆರು ಪೂರ್ಣಾಂಕ ಬೆಲೆಗಳನ್ನು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8 ಮತ್ತು ಆರ್9 ರಿಜಿಸ್ಟರ್‌ಗಳಲ್ಲಿ ಇರಿಸಬೇಕು. ವಿಂಡೋಸ್‌ನಲ್ಲಿ ಮೊದಲ ನಾಲ್ಕನ್ನು ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8 ಮತ್ತು ಆರ್9ಗಳಲ್ಲಿ ಇರಿಸಿ, ಸ್ಟ್ಯಾಕ್‌ನಲ್ಲಿ 32 ಬೈಟ್‌ಗಳ ಜಾಗವನ್ನು ಕಾದಿರಿಸಬೇಕು. ಎರಡರಲ್ಲಿಯೂ ಕರೆಯುವ ಮುನ್ನ ಸ್ಟ್ಯಾಕ್‌ನ ವಿಳಾಸವು 16ರ ಅಪವರ್ತ್ಯವಾಗಿರಬೇಕು. ಈ ಕೊನೆಯ ನಿಯಮವನ್ನು ಮುರಿದರೆ ಕ್ರಮವಿಧಿಯು ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಕುಸಿಯುತ್ತದೆ. ಆದ್ದರಿಂದ ದೋಷವನ್ನು ಪತ್ತೆಹಚ್ಚುವುದು ಕಷ್ಟ.

ಪುಸ್ತಕಗಳು ಮತ್ತು ಮಾದರಿಗಳು

ಪಾಲ್ ಕಾರ್ಟರ್ ಅವರ 'ಪಿಸಿ ಅಸೆಂಬ್ಲಿ ಲ್ಯಾಂಗ್ವೇಜ್' ಉಚಿತವಾಗಿ ದೊರೆಯುವ ಪುಸ್ತಕ. ಇದು 32 ಬಿಟ್ ಕ್ರಮವಿಧಿಗಳನ್ನು ನ್ಯಾಸ್ಮ್‌ನ ಮೂಲಕವೇ ಕಲಿಸುತ್ತದೆ. ಸಂಖ್ಯೆಗಳನ್ನು ಓದುವ ಮತ್ತು ಮುದ್ರಿಸುವ ಸಣ್ಣ ಸಹಾಯಕ ಕಡತವೂ ಇದರೊಂದಿಗಿದೆ. ಜೆಫ್ ಡಂಟೆಮನ್ ಅವರ 'ಅಸೆಂಬ್ಲಿ ಲ್ಯಾಂಗ್ವೇಜ್ ಸ್ಟೆಪ್ ಬೈ ಸ್ಟೆಪ್' ಪುಸ್ತಕದ 2009ರ ಮೂರನೆಯ ಆವೃತ್ತಿಯು ಲಿನಕ್ಸ್ ಮತ್ತು ನ್ಯಾಸ್ಮ್‌ಗಳನ್ನು ಆಧರಿಸಿದೆ. ಗಣಕದ ಪರಿಚಯವೇ ಇಲ್ಲದವರಿಗೂ ಎಣಿಕೆಯ ಪದ್ಧತಿಗಳಿಂದ ಆರಂಭಿಸಿ ವಿವರಿಸುವುದು ಇದರ ವೈಶಿಷ್ಟ್ಯ.

ಕಲಿಕೆ ಮುಂದುವರಿದವರು ನಿಜವಾದ ಯೋಜನೆಗಳ ಮೂಲ ಬರೆಹವನ್ನು ಓದಬಹುದು. ವಿಡಿಯೊ ಸಂಸ್ಕರಣೆಯ ಎಫ್‌ಎಫ್‌ಎಮ್‌ಪೆಗ್ ಮತ್ತು ಎಕ್ಸ್264 ಹಾಗೂ ಚಿತ್ರ ಸಂಸ್ಕರಣೆಯ ಲಿಬ್‌ಜೆಪೆಗ್-ಟರ್ಬೊ ಯೋಜನೆಗಳಲ್ಲಿ ವೇಗವು ಅತ್ಯಗತ್ಯವಾದ ಭಾಗಗಳನ್ನು ನ್ಯಾಸ್ಮ್ ಶೈಲಿಯ ಅಸೆಂಬ್ಲಿಯಲ್ಲಿ ಬರೆಯಲಾಗಿದೆ.

ಸಹಾಯಕ ಉಪಕರಣಗಳು

ನ್ಯಾಸ್ಮ್ ಸಾಮಾನ್ಯವಾಗಿ ನೀಡುವುದು ಆಬ್ಜೆಕ್ಟ್ ಕಡತವನ್ನು ಮಾತ್ರ. ಅದನ್ನು ನಡೆಯಬಲ್ಲ ಕ್ರಮವಿಧಿಯನ್ನಾಗಿಸಲು ಲಿಂಕರ್ ಬೇಕು. ಕ್ರಮವಿಧಿಯನ್ನು ಒಂದೊಂದೇ ಆದೇಶದಂತೆ ನಡೆಸಿ ರಿಜಿಸ್ಟರ್‌ಗಳನ್ನು ಪರಿಶೀಲಿಸಲು ಡಿಬಗರ್ ಬೇಕು. ಲಿನಕ್ಸ್‌ನಲ್ಲಿ ಜಿಡಿಬಿ, ವಿಂಡೋಸ್‌ನಲ್ಲಿ ಎಕ್ಸ್64ಡಿಬಿಜಿ ಈ ಕೆಲಸಕ್ಕೆ ಪ್ರಚಲಿತ. ಜಿಡಿಬಿಯು ಆದೇಶಗಳನ್ನು ಬೇರೊಂದು ಶೈಲಿಯಲ್ಲಿ ತೋರಿಸುವುದರಿಂದ ಅದರಲ್ಲಿ ಇಂಟೆಲ್ ಶೈಲಿಯನ್ನು ಆರಿಸಿಕೊಳ್ಳುವುದು ಅನುಕೂಲ.

ನ್ಯಾಸ್ಮ್‌ನ ಪಟ್ಟಿ ಕಡತವು ಹೊಸಬರು ಅಷ್ಟಾಗಿ ಗಮನಿಸದ, ಆದರೆ ಅತ್ಯುಪಯುಕ್ತವಾದ ಸೌಲಭ್ಯ. ಬರೆದ ಪ್ರತಿಯೊಂದು ಸಾಲಿನ ಪಕ್ಕದಲ್ಲಿ ಅದು ಯಾವ ಬೈಟ್‌ಗಳಾಗಿ ಪರಿವರ್ತನೆಯಾಯಿತು ಎಂಬುದನ್ನು ಇದು ತೋರಿಸುತ್ತದೆ. ನ್ಯಾಸ್ಮ್‌ನೊಡನೆ ಬರುವ ಎನ್‌ಡಿಸ್ಆ್ಯಸ್ಮ್ ಬೈಟ್‌ಗಳನ್ನು ಮರಳಿ ಆದೇಶಗಳನ್ನಾಗಿ ತೋರಿಸುತ್ತದೆ. ಅದಕ್ಕೆ ಆಬ್ಜೆಕ್ಟ್ ಕಡತದ ವಿನ್ಯಾಸ ತಿಳಿಯದಾದ್ದರಿಂದ ಬೂಟ್ ವಿಭಾಗದಂತಹ ಶುದ್ಧ ಬೈಟ್ ಕಡತಗಳಿಗೆ ಮಾತ್ರ ಬಳಸುವುದು ಸೂಕ್ತ. 16 ಬಿಟ್ ಡಾಸ್ ಕ್ರಮವಿಧಿಗಳಿಗೆ ಡಾಸ್‌ಬಾಕ್ಸ್, ಬೂಟ್ ವಿಭಾಗದ ಪರೀಕ್ಷೆಗೆ ಕ್ಯೂಎಮು ಅಥವಾ ಬಾಕ್ಸ್ ಎಂಬ ಕೃತಕ ಗಣಕಗಳು ನೆರವಾಗುತ್ತವೆ.

ಮ್ಯಾಸ್ಮ್ ಪಾಠಗಳಿಂದ ಬರುವ ಗೊಂದಲ

ಭಾರತದ ಅನೇಕ ಎಂಜಿನಿಯರಿಂಗ್ ಕಾಲೇಜುಗಳ 8086 ಪ್ರಯೋಗಶಾಲೆಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಮ್ಯಾಸ್ಮ್ ಅಸೆಂಬ್ಲರ್ ಬಳಕೆಯಲ್ಲಿತ್ತು. ಪಠ್ಯಪುಸ್ತಕಗಳ ಉದಾಹರಣೆಗಳೂ ಅದೇ ಶೈಲಿಯವು. ಅವನ್ನು ಹಾಗೆಯೇ ನ್ಯಾಸ್ಮ್‌ಗೆ ಕೊಟ್ಟರೆ ತಪ್ಪುಗಳು ಬರುತ್ತವೆ. ಇದು ವಿದ್ಯಾರ್ಥಿಯ ತಿಳಿವಳಿಕೆಯ ದೋಷವಲ್ಲ, ಎರಡು ಅಸೆಂಬ್ಲರ್‌ಗಳ ವ್ಯಾಕರಣ ಭೇದ. ಮುಖ್ಯ ವ್ಯತ್ಯಾಸಗಳು ಹೀಗಿವೆ:

1. ನ್ಯಾಸ್ಮ್‌ನಲ್ಲಿ ಒಂದು ಹೆಸರನ್ನು ಹಾಗೆಯೇ ಬರೆದರೆ ಅದರ ವಿಳಾಸ ಎಂದರ್ಥ. ಚೌಕ ಆವರಣದೊಳಗೆ ಬರೆದರೆ ಆ ವಿಳಾಸದಲ್ಲಿರುವ ಬೆಲೆ ಎಂದರ್ಥ. ಮ್ಯಾಸ್ಮ್‌ನಲ್ಲಿ ಬರಿಯ ಹೆಸರೇ ಬೆಲೆಯನ್ನು ಸೂಚಿಸುತ್ತದೆ, ವಿಳಾಸಕ್ಕೆ 'ಆಫ್‌ಸೆಟ್' ಎಂದು ಬರೆಯಬೇಕು.

2. ಹೆಸರನ್ನು ಬೈಟ್ ಆಗಿ ಘೋಷಿಸಲಾಯಿತೇ, ವರ್ಡ್ ಆಗಿಯೇ ಎಂಬುದನ್ನು ನ್ಯಾಸ್ಮ್ ನೆನಪಿಡುವುದಿಲ್ಲ. ಮೆಮೊರಿಗೆ ನೇರವಾಗಿ ಸಂಖ್ಯೆಯನ್ನು ಬರೆಯುವಾಗ ಅಳತೆಯನ್ನು ಬಳಕೆದಾರರೇ ಸೂಚಿಸಬೇಕು.

3. ನ್ಯಾಸ್ಮ್‌ನಲ್ಲಿ ಹೆಸರುಗಳ ದೊಡ್ಡ ಮತ್ತು ಚಿಕ್ಕ ಇಂಗ್ಲಿಷ್ ಅಕ್ಷರಗಳು ಬೇರೆ ಬೇರೆ.

ನ್ಯಾಸ್ಮ್‌ನ 2.15 ಆವೃತ್ತಿಯಿಂದ ಮ್ಯಾಸ್ಮ್ ಶೈಲಿಗೆ ಸೀಮಿತ ಬೆಂಬಲ ನೀಡುವ ಮ್ಯಾಕ್ರೋ ಸಂಗ್ರಹವೊಂದು ಸೇರಿದೆ. ಆದರೂ ಅದು ಪೂರ್ಣ ಪರಿಹಾರವಲ್ಲ.

ಕನ್ನಡ ಪಠ್ಯದ ನಿರ್ವಹಣೆ

ಮೂಲ ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಉದ್ಧರಣ ಚಿಹ್ನೆಗಳ ನಡುವೆ ಕನ್ನಡ ಪದಗಳನ್ನೂ ಬರೆಯಬಹುದು. ಆದರೆ ಉದ್ದದ ಎಣಿಕೆಯಲ್ಲಿ ಎಚ್ಚರ ಬೇಕು. 'ಕನ್ನಡ' ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳಾದ್ದರಿಂದ ಒಟ್ಟು 15 ಬೈಟ್‌ಗಳಾಗುತ್ತವೆ. ಲಿನಕ್ಸ್‌ನ ಬರೆಯುವ ಸೇವೆಗೆ ಉದ್ದ 3 ಎಂದು ಕೊಟ್ಟರೆ ಪರದೆಯ ಮೇಲೆ 'ಕ' ಮಾತ್ರ ಮೂಡುತ್ತದೆ. ಕೈಯಿಂದ ಎಣಿಸುವ ಬದಲು, ಪದ ಮುಗಿದೊಡನೆ ಪ್ರಸ್ತುತ ವಿಳಾಸದಿಂದ ಪದದ ಆರಂಭದ ವಿಳಾಸವನ್ನು ಕಳೆದು ಉದ್ದವನ್ನು ನ್ಯಾಸ್ಮ್‌ನಿಂದಲೇ ಲೆಕ್ಕ ಮಾಡಿಸುವುದು ಸರಿಯಾದ ಕ್ರಮ. ವಿಂಡೋಸ್‌ಗೆ ಬೇಕಾಗುವ ಯುಟಿಎಫ್-16 ರೂಪಕ್ಕೆ ಪರಿವರ್ತಿಸುವ ಸೌಲಭ್ಯವೂ ನ್ಯಾಸ್ಮ್‌ನಲ್ಲಿದೆ. ಆ ರೂಪದಲ್ಲಿ ಇದೇ ಪದಕ್ಕೆ 10 ಬೈಟ್‌ಗಳು ಸಾಕು.

ನೆರವು ಕೇಳುವ ಕ್ರಮ

ತೊಂದರೆ ಬಗೆಹರಿಯದಿದ್ದಾಗ ಬಲ್ಲವರನ್ನು ಕೇಳುವುದು ಸಹಜ. ಆಗ ಐದು ಸಂಗತಿಗಳನ್ನು ತಿಳಿಸಿದರೆ ಉತ್ತರ ಬೇಗನೆ ದೊರೆಯುತ್ತದೆ: ನ್ಯಾಸ್ಮ್‌ನ ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ಬಳಸಿದ ಆದೇಶ ಸಾಲು, ದೋಷ ಸಂದೇಶದ ಯಥಾವತ್ ಪ್ರತಿ, ಮತ್ತು ದೋಷವನ್ನು ತೋರಿಸುವ ಅತಿ ಚಿಕ್ಕ ಕ್ರಮವಿಧಿ. ದೊಡ್ಡ ಕ್ರಮವಿಧಿಯನ್ನು ಹೀಗೆ ಕಿರಿದಾಗಿಸುತ್ತ ಹೋದಾಗ ಎಷ್ಟೋ ಬಾರಿ ತಪ್ಪು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ತಪ್ಪು ಅಸೆಂಬ್ಲರಿನದೇ ಎಂದು ಖಚಿತವಾದರೆ, ಪಟ್ಟಿ ಕಡತದ ಬೈಟ್‌ಗಳನ್ನು ಪ್ರೊಸೆಸರ್ ಕೈಪಿಡಿಯೊಂದಿಗೆ ಹೋಲಿಸಿ ನೋಡಿದ ಬಳಿಕ ಅಭಿವೃದ್ಧಿ ತಂಡಕ್ಕೆ ದೋಷ ವರದಿಯನ್ನು ಸಲ್ಲಿಸಬಹುದು.

ಸಂಬಂಧಿತ ಅಸೆಂಬ್ಲರ್‌ಗಳು

ಯ್ಯಾಸ್ಮ್ ಎಂಬುದು ನ್ಯಾಸ್ಮ್ ಅನ್ನು ಹೊಸದಾಗಿ ಪುನಃ ಬರೆದ ಅಸೆಂಬ್ಲರ್. ನ್ಯಾಸ್ಮ್ ವ್ಯಾಕರಣವನ್ನು ಅದು ಬಹುಮಟ್ಟಿಗೆ ಸ್ವೀಕರಿಸುತ್ತದೆ. ತೊಮಾಷ್ ಗ್ರಿಷ್ಟಾರ್ ಅವರ ಫ್ಯಾಸ್ಮ್ ಕೂಡ ಇಂಟೆಲ್ ಶೈಲಿಯದೇ ಆದರೂ ಅದರ ಮ್ಯಾಕ್ರೋ ಭಾಷೆ ಭಿನ್ನವಾಗಿದೆ. ನ್ಯಾಸ್ಮ್ ಎಕ್ಸ್86 ವರ್ಗಕ್ಕೆ ಮಾತ್ರ ಮೀಸಲಾದದ್ದು. ಮೊಬೈಲ್ ದೂರವಾಣಿಗಳಲ್ಲಿ ಸಾಮಾನ್ಯವಾಗಿರುವ ಆರ್ಮ್ ಪ್ರೊಸೆಸರ್‌ಗಳಿಗೆ ಇದರಿಂದ ಕ್ರಮವಿಧಿ ಸಿದ್ಧಪಡಿಸಲಾಗದು. ಅದಕ್ಕೆ ಗ್ಯಾಸ್‌ನಂತಹ ಬೇರೆ ಅಸೆಂಬ್ಲರ್‌ಗಳನ್ನು ಬಳಸಬೇಕಾಗುತ್ತದೆ.