ಗೊಬ್ಬರವಾಗುವ ಪ್ಲಾಸ್ಟಿಕ್‌ನ ತಾಳುಶಕ್ತಿ ಹೆಚ್ಚಿಸುವ ಪಾಲಿಮರ್ ಮಿಶ್ರಣ ವಿಧಾನ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವ್ಯಾಪಾರಸ್ಥರು, ಸಣ್ಣ ಉದ್ದಿಮೆದಾರರು ಹಾಗೂ ರೈತರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ರಾಜ್ಯ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮುಂತಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಹಲವು ಏಕಬಳಕೆ ವಸ್ತುಗಳು ದೇಶದಾದ್ಯಂತ ನಿಷೇಧಕ್ಕೊಳಪಟ್ಟಿವೆ. ಇವುಗಳಿಗೆ ಬದಲಿಯಾಗಿ ಗೊಬ್ಬರವಾಗುವ ಪ್ಲಾಸ್ಟಿಕ್ ಬಳಕೆಗೆ ಬಂದಿದೆ. ಆದರೆ ಎರಡು ಕಿಲೋ ಕಡಲೆಕಾಯಿಯ ಭಾರವನ್ನೂ ತಾಳದೆ ಹರಿಯುವ ಚೀಲವನ್ನು ಯಾವ ಗ್ರಾಹಕನೂ ಎರಡನೆಯ ಬಾರಿ ಕೇಳುವುದಿಲ್ಲ.

ಈ ದೋಷದ ಮೂಲ ಪಾಲಿಲ್ಯಾಕ್ಟಿಕ್ ಆಮ್ಲದ (ಪಿಎಲ್‌ಎ) ಗುಣದಲ್ಲಿದೆ. ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾಗುವ ಈ ವಸ್ತು ಬಲವಾದುದೇ ಆದರೂ ಪೆಡಸು. ಎಳೆದಾಗ ತನ್ನ ಉದ್ದದ ಶೇ. 10ರಷ್ಟೂ ಹಿಗ್ಗದೆ ಮುರಿಯುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುವುದರಿಂದ, ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ವಾಹನದೊಳಗೆ ಇಡುವುದು ಸೂಕ್ತವಲ್ಲ.

ಇದರೊಂದಿಗೆ ಪಿಬಿಎಟಿ ಎಂಬ ಮತ್ತೊಂದು ಪಾಲಿಮರನ್ನು ಕರಗಿಸಿ ಬೆರೆಸುವುದು ಪ್ರಚಲಿತ ಪರಿಹಾರವಾಗಿದೆ. ಪಿಬಿಎಟಿ ತನ್ನ ಉದ್ದದ ಐದು ಪಟ್ಟಿಗೂ ಹೆಚ್ಚು ಹಿಗ್ಗಬಲ್ಲದು. ಇದು ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು, ಆದರೂ ಸೂಕ್ಷ್ಮಜೀವಿಗಳಿಂದ ಕೊಳೆಯುತ್ತದೆ. ಸಸ್ಯಮೂಲದ್ದೆಲ್ಲ ಕೊಳೆಯುತ್ತದೆ, ಪೆಟ್ರೋಲಿಯಂ ಮೂಲದ್ದು ಕೊಳೆಯುವುದಿಲ್ಲ ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ.

ಇವೆರಡೂ ನೀರು ಮತ್ತು ಎಣ್ಣೆಯಂತೆ ಒಂದಾಗದೆ ಉಳಿಯುತ್ತವೆ. ಪಿಎಲ್‌ಎ ಹೆಚ್ಚಾಗಿರುವ ಮಿಶ್ರಣದಲ್ಲಿ ಪಿಬಿಎಟಿಯು ಸಣ್ಣ ಹನಿಗಳಾಗಿ ಹರಡಿಕೊಳ್ಳುತ್ತದೆ. ಹೊಡೆತ ಬಿದ್ದಾಗ ಹನಿಗಳ ಸುತ್ತಲಿನ ಪಿಎಲ್‌ಎ ಒಮ್ಮೆಗೇ ಸೀಳದೆ ಹಿಗ್ಗಿ, ಆಘಾತದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಹನಿಗಳು ದೊಡ್ಡದಾಗಿದ್ದರೆ, ಅಥವಾ ಅಂಚಿನಲ್ಲಿ ಹಿಡಿತ ಸಾಲದಿದ್ದರೆ, ಅಲ್ಲಿಂದಲೇ ಬಿರುಕು ಆರಂಭವಾಗುತ್ತದೆ. ಆದ್ದರಿಂದ ಎರಡನ್ನೂ ಬೆಸೆಯುವ ಹೊಂದಾಣಿಕೆ ದ್ರವ್ಯವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಲಾಗುತ್ತದೆ. ಪಿಬಿಎಟಿ ಹೆಚ್ಚಿದಂತೆ ಬಿಗುವು ಕಡಿಮೆಯಾಗುತ್ತದೆ. ಮೆತ್ತನೆಯ ಚೀಲಕ್ಕೆ ಒಪ್ಪುವ ಪ್ರಮಾಣವು ಲೋಟಕ್ಕೆ ಒಪ್ಪದು.

ಬೆರೆಸುವ ಪ್ರತಿಯೊಂದು ಪಾಲಿಮರೂ ಕೊಳೆಯುವಂಥದ್ದೇ ಆಗಿರಬೇಕು. ಅಗ್ಗವೆಂದು ಪಾಲಿಥಿನ್ ಸೇರಿಸಿದರೆ ಚೀಲ ಗಟ್ಟಿಯಾಗಬಹುದು, ಆದರೆ ಪಾಲಿಥಿನ್ ಚೂರುಗಳು ಮಣ್ಣಿನಲ್ಲಿಯೇ ಉಳಿಯುತ್ತವೆ.

ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಗೊಬ್ಬರವಾಗುವ ಪ್ಲಾಸ್ಟಿಕ್ ಕೈಚೀಲಗಳ ತಯಾರಕರು ಅಥವಾ ಮಾರಾಟಗಾರರು ಮಾರುಕಟ್ಟೆಗೆ ಬಿಡುವ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆಯತಕ್ಕದ್ದು. ವಸ್ತುವು ಐಎಸ್/ಐಎಸ್‌ಒ 17088 ಮಾನಕಕ್ಕೆ ಅನುಗುಣವಾಗಿರಬೇಕು. ಚೀಲದ ಮೇಲೆ 'ಕಾಂಪೋಸ್ಟಬಲ್' ಎಂಬ ಪದ, ತಯಾರಕರ ಹೆಸರು ಹಾಗೂ ಪ್ರಮಾಣಪತ್ರ ಸಂಖ್ಯೆ ಮುದ್ರಿತವಾಗಿರಬೇಕು. ಸಗಟು ಖರೀದಿಗೆ ಮುನ್ನ ವ್ಯಾಪಾರಸ್ಥರು ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಬಹುದಾಗಿದೆ. 'ಪರಿಸರ ಸ್ನೇಹಿ' ಎಂಬ ಮುದ್ರಣವೊಂದೇ ಸಾಲದು.

ಹೊಲಕ್ಕೆ ಹೊದಿಕೆ ಹಾಳೆ ಬಳಸುವ ರೈತರು ಗಮನಿಸಬೇಕಾದ ಬೇರೊಂದು ಅಂಶವಿದೆ. ಮೇಲಿನ ಮಾನಕವು ಸುಮಾರು 58 ಡಿಗ್ರಿ ಬಿಸಿ ಮತ್ತು ತೇವವಿರುವ ಗೊಬ್ಬರ ಘಟಕಕ್ಕೆ ಸಂಬಂಧಿಸಿದ್ದು. ಪಾವಗಡದಂತಹ ಕಡಿಮೆ ಮಳೆಯ ಪ್ರದೇಶದ ಒಣ ಮಣ್ಣಿನಲ್ಲಿ ಪಿಎಲ್‌ಎ ಬಹುಕಾಲ ಹಾಗೆಯೇ ಉಳಿಯಬಹುದು. ಹೊಲದಲ್ಲಿಯೇ ಕೊಳೆಯುವ ಹಾಳೆ ಬೇಕಿದ್ದಲ್ಲಿ, ಮಣ್ಣಿನಲ್ಲಿ ವಿಘಟನೆಯಾಗುವ ಬಗ್ಗೆ ಪ್ರತ್ಯೇಕ ಪರೀಕ್ಷಾ ವರದಿಯನ್ನು ಸರಬರಾಜುದಾರರಿಂದ ಕೇಳತಕ್ಕದ್ದು. ಅಂತಹ ವರದಿ ಇಲ್ಲದಿದ್ದಲ್ಲಿ, ಬೆಳೆ ಮುಗಿದ ನಂತರ ಹಾಳೆಯನ್ನು ಉಳುಮೆಗೆ ಮುನ್ನವೇ ಆಯ್ದು ತೆಗೆಯಬೇಕಾಗುತ್ತದೆ.