ಬಸದಿಯ ಮಾಹಿತಿ ಸುಲಭವಾಗಿ ಸಿಗಬೇಕಾದರೆ ಜಾಲತಾಣದ ವಿಂಗಡಣೆ ಹೇಗಿರಬೇಕು?

ಹಾಸನ ಜಿಲ್ಲೆಗೆ ದರ್ಶನಕ್ಕೆ ಹೊರಡುವ ಶ್ರಾವಕ-ಶ್ರಾವಿಕೆಯರಲ್ಲಿ ಅನೇಕರು ಈಗ ಮೊದಲು ಮೊಬೈಲ್ ನೋಡುತ್ತಾರೆ. ಶ್ರವಣಬೆಳಗೊಳದ ಮಾಹಿತಿ ಎಲ್ಲೆಡೆ ಸಿಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸಣ್ಣ ಊರುಗಳ ವಿಷಯ ಹಾಗಲ್ಲ. ಮಾಹಿತಿಯ ಪುಟ ಜಾಲತಾಣದಲ್ಲಿದ್ದರೂ ಅದನ್ನು ತಲುಪುವ ದಾರಿ ಕಾಣದಿದ್ದರೆ, ಆ ಬಸದಿ ಇದೆಯೆಂದೇ ಯಾತ್ರಿಕರಿಗೆ ತಿಳಿಯುವುದಿಲ್ಲ. ಯಾತ್ರಿಕರು ಬಾರದ ಬಸದಿಯ ನಿತ್ಯಪೂಜೆಗೆ, ದುರಸ್ತಿಗೆ ನೆರವು ಸಿಗುವುದೂ ಕಷ್ಟ.

ಹೆಸರಿನ ಗೊಂದಲ

ತೀರ್ಥಂಕರರ ಹೆಸರಿನಿಂದ ಮಾತ್ರ ಪಟ್ಟಿ ಮಾಡಿದರೆ ಗೊಂದಲ ತಪ್ಪದು. ಶಾಂತಿನಾಥ ಬಸದಿ ಚಂದ್ರಗಿರಿಯ ಮೇಲೂ ಇದೆ, ಜಿನನಾಥಪುರದಲ್ಲೂ ಇದೆ, ಹಳೇಬೀಡಿನಲ್ಲೂ ಇದೆ. ಇನ್ನು, ಶಾಂತಲಾದೇವಿ 1123ರಲ್ಲಿ ಚಂದ್ರಗಿರಿಯಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಮೂಲನಾಯಕರೂ ಶಾಂತಿನಾಥರೇ. ಪಂಚಕೂಟ ಬಸದಿ ಎಂದರೆ ಹಾಸನ ತಾಲ್ಲೂಕಿನ ಮರ್ಕುಲಿಯದೂ ಆಗಬಹುದು, ಮಂಡ್ಯ ಜಿಲ್ಲೆಯ ಕಂಬದಹಳ್ಳಿಯದೂ ಆಗಬಹುದು. ಆದ್ದರಿಂದ ಪ್ರತಿ ಪುಟದ ತಲೆಬರಹದಲ್ಲಿ ಬಸದಿಯ ರೂಢಿಯ ಹೆಸರು, ಊರು, ತಾಲ್ಲೂಕು ಈ ಮೂರೂ ಇರಬೇಕು. ಮೂಲನಾಯಕರ ಹೆಸರಿನಿಂದ ಹುಡುಕಿದರೂ ಅದೇ ಪುಟ ಸಿಗಬೇಕು.

ತಾಲ್ಲೂಕುವಾರು ವಿಂಗಡಣೆ

ಈ ಕ್ರಮ ಹೊಸದಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಶಾಸನಗಳನ್ನು ತಾಲ್ಲೂಕಿನ ಪ್ರಕಾರವೇ ಜೋಡಿಸಲಾಗಿದೆ. ಜಿಲ್ಲೆ, ತಾಲ್ಲೂಕು, ಊರು, ಬಸದಿ ಎಂಬ ನಾಲ್ಕು ಮೆಟ್ಟಿಲು ಓದುಗರಿಗೆ ಪರಿಚಿತವಾದವು. ತಾವು ಯಾವ ಮೆಟ್ಟಿಲಲ್ಲಿದ್ದೇವೆ ಎಂಬುದು ಪುಟದ ಮೇಲ್ಭಾಗದಲ್ಲಿ ಕಾಣಬೇಕು. ಅಲ್ಲಿ ಒತ್ತಿದರೆ ಹಿಂದಿನ ಮೆಟ್ಟಿಲಿಗೆ ಹೋಗುವಂತಿರಬೇಕು.

ಆದರೆ ಯಾತ್ರಿಕರ ಬಸ್ಸು ಜಿಲ್ಲೆಯ ಗಡಿಯಲ್ಲಿ ನಿಲ್ಲುವುದಿಲ್ಲ. ಕಂಬದಹಳ್ಳಿ ಬೇರೆ ಜಿಲ್ಲೆಯಲ್ಲಿದ್ದರೂ ಶ್ರವಣಬೆಳಗೊಳಕ್ಕೆ ಹತ್ತಿರ. ಹೀಗಾಗಿ ಪ್ರತಿ ಪುಟದ ಕೊನೆಯಲ್ಲಿ ‘ಹತ್ತಿರದ ಬಸದಿಗಳು’ ಎಂಬ ಸಣ್ಣ ಪಟ್ಟಿ ಅಗತ್ಯ.

ಕಾಗುಣಿತ ಮತ್ತು ಹಳೆಯ ಸಂಖ್ಯೆಗಳು

ಚನ್ನರಾಯಪಟ್ಟಣವನ್ನು ಚೆನ್ನರಾಯಪಟ್ಟಣ ಎಂದೂ, ಅರಕಲಗೂಡನ್ನು ಅರ್ಕಲಗೂಡು ಎಂದೂ ಬರೆಯುವವರಿದ್ದಾರೆ. ಹೇಗೆ ಬರೆದರೂ ಹುಡುಕಾಟದಲ್ಲಿ ಒಂದೇ ಉತ್ತರ ಬರಬೇಕು. ಬರೀ ನರಸೀಪುರ ಎಂದು ಹುಡುಕಿದವರಿಗೆ ಹೊಳೆನರಸೀಪುರವೋ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೋ ಎಂದು ಕೇಳಬೇಕು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ಚನ್ನರಾಯಪಟ್ಟಣ ಇದೆ ಎಂಬುದನ್ನು ಮರೆಯಬಾರದು.

ಶಾಸನಾಸಕ್ತರಿಗೆ ಇನ್ನೊಂದು ತೊಡಕಿದೆ. ಶ್ರವಣಬೆಳಗೊಳದ ಶಾಸನ ಸಂಪುಟದ 1889ರ ಮುದ್ರಣದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕೃತ ಮುದ್ರಣದಲ್ಲಿ 500, ಮೈಸೂರು ವಿಶ್ವವಿದ್ಯಾನಿಲಯದ 1973ರ ಮುದ್ರಣದಲ್ಲಿ 573 ಆದವು. ಆದ್ದರಿಂದ ಬರೀ ಸಂಖ್ಯೆ ಕೊಟ್ಟರೆ ಸಾಲದು, ಯಾವ ಮುದ್ರಣದ ಸಂಖ್ಯೆ ಎಂಬುದನ್ನೂ ನಮೂದಿಸಬೇಕು. ಜಾಲತಾಣಕ್ಕೂ ಇದೇ ಪಾಠ: ಹೊಸ ವಿಂಗಡಣೆ ಮಾಡಿದಾಗ ಹಳೆಯ ಕೊಂಡಿಗಳನ್ನು ಮುರಿಯದೆ ಹೊಸ ಪುಟಕ್ಕೆ ಜೋಡಿಸಬೇಕು.

ಸುದ್ದಿ ಬೇರೆ, ಮಾಹಿತಿ ಬೇರೆ

ಪಂಚಕಲ್ಯಾಣ, ಮುನಿಗಳ ವಿಹಾರ, ಚಾತುರ್ಮಾಸದ ಸುದ್ದಿಗಳು ದಿನ ಕಳೆದಂತೆ ಹಳತಾಗುತ್ತವೆ. ಬಸದಿಯ ಇತಿಹಾಸ ಹಳತಾಗುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಹೊಸ ಸುದ್ದಿ ಬಂದಂತೆಲ್ಲ ಇತಿಹಾಸ ಕೆಳಗೆ ಸರಿದು ಮರೆಯಾಗುತ್ತದೆ. ಮುಖಪುಟದಲ್ಲಿ ಸುದ್ದಿ, ಬಸದಿಗಳು, ಯಾತ್ರೆ, ಪಂಚಾಂಗ, ಸಂಪರ್ಕ ಎಂಬ ಐದು ವಿಭಾಗಗಳು ಸಾಕು. ‘ಇತರೆ’ ಎಂಬ ವಿಭಾಗ ಬೇಡ. ಅದರಲ್ಲಿ ಏನಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಯಾತ್ರಿಕರಿಗೆ ಬೇಕಾದ್ದು ಮೊದಲು

ಬಸದಿಯ ಪುಟ ತೆರೆದ ಕೂಡಲೇ ಬಾಗಿಲು ತೆರೆದಿರುವ ಹೊತ್ತು, ಬೀಗದ ಕೈ ಯಾರ ಬಳಿ ಕೇಳಬೇಕು, ಬಸ್ಸು ಎಲ್ಲಿಯವರೆಗೆ ಬರುತ್ತದೆ, ಎಷ್ಟು ಮೆಟ್ಟಿಲು ಹತ್ತಬೇಕು, ಸೂರ್ಯಾಸ್ತಕ್ಕೆ ಮುಂಚೆ ಊಟ ಎಲ್ಲಿ ಸಿಗುತ್ತದೆ ಎಂಬುವು ಕಾಣಬೇಕು. ಇತಿಹಾಸ ಅದರ ಕೆಳಗಿರಲಿ. ರಾತ್ರಿಭೋಜನ ತ್ಯಾಗ ಮಾಡಿದ ಹಿರಿಯರು ಸಂಜೆ ಐದು ಗಂಟೆಗೆ ದಾರಿಯಲ್ಲಿ ನಿಂತು ಹುಡುಕುವುದು ಹೊಯ್ಸಳರ ವಂಶಾವಳಿಯನ್ನಲ್ಲ. ಈ ವಿವರಗಳನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕವೂ ಇರಬೇಕು. ಅಕ್ಷರ ದೊಡ್ಡದಾಗಿರಲಿ, ಪುಟ ಹಗುರವಾಗಿರಲಿ. ಹಳ್ಳಿಯಲ್ಲಿ ಸಿಗ್ನಲ್ ಕಡಿಮೆ ಇದ್ದರೂ ಅದು ತೆರೆಯಬೇಕು.

ಪರೀಕ್ಷಿಸುವ ಬಗೆ

ಇದಕ್ಕೆ ಖರ್ಚೇನೂ ಇಲ್ಲ. ಜಾಲತಾಣವನ್ನು ಎಂದೂ ನೋಡದ ಹಿರಿಯರೊಬ್ಬರ ಕೈಗೆ ಮೊಬೈಲ್ ಕೊಟ್ಟು, ಮರ್ಕುಲಿಯ ಬಸದಿಯನ್ನು ಹುಡುಕಲು ಹೇಳಬೇಕು. ಪಕ್ಕದಲ್ಲಿ ಕುಳಿತವರು ಏನನ್ನೂ ಹೇಳಿಕೊಡದೆ ನೋಡುತ್ತಿರಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿಂಗಡಣೆಯನ್ನು ತಿದ್ದಬೇಕು. ನಾಲ್ಕೈದು ಜನರಿಂದ ಹೀಗೆ ನೋಡಿಸಿದರೆ ಮುಖ್ಯ ತೊಡಕುಗಳು ಬಹುತೇಕ ಗೊತ್ತಾಗುತ್ತವೆ.