ಸುಲ್ತಾನ, ಸುರತಾಳ, ಸುರತ್ರಾಣ: ಒಂದು ಬಿರುದಿನ ಪ್ರಯಾಣ

ವಿಜಯನಗರದ ಶಾಸನಗಳನ್ನು ಓದುವವರಿಗೆ ‘ಹಿಂದುರಾಯಸುರತ್ರಾಣ’ ಎಂಬ ಬಿರುದು ಹೊಸದಲ್ಲ. ಒಂದನೇ ಬುಕ್ಕನ ಕಾಲದಲ್ಲೇ ಇದು ಕಾಣಿಸುತ್ತದೆ, ಕೃಷ್ಣದೇವರಾಯನ ಪಟ್ಟಾಭಿಷೇಕದ ಹಂಪಿ ಶಾಸನದಲ್ಲೂ (1509-10) ಇದೆ. ಈ ಬಿರುದಿಗೆ ‘ಹಿಂದೂ ರಾಜರ ರಕ್ಷಕ’ ಎಂದು ಅರ್ಥ ಬರೆದ ಪೋಸ್ಟುಗಳು ಮೊಬೈಲಿನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಸುರ ಅಂದರೆ ದೇವತೆ, ತ್ರಾಣ ಅಂದರೆ ರಕ್ಷಣೆ. ವ್ಯಾಕರಣ ಸರಿಯಾಗೇ ಇದೆ. ಆದರೆ ನಾನು ಎಂಜಿನಿಯರ್. ಒಂದು ಪದವನ್ನು ಬಿಡಿಸಿ ಅರ್ಥ ಹೇಳಲು ಬರುತ್ತದೆ ಅಂದಮಾತ್ರಕ್ಕೆ ಅದು ಹಾಗೇ ಹುಟ್ಟಿತು ಅಂತ ಒಪ್ಪಲಾರೆ. ಹುಟ್ಟಿದ ಊರಿನಿಂದಲೇ ಶುರು ಮಾಡೋಣ.

‘ಸುಲ್ತಾನ್’ ಅರಬ್ಬಿ ಪದ. ಮೊದಲು ಅದು ಯಾವ ವ್ಯಕ್ತಿಯನ್ನೂ ಸೂಚಿಸುತ್ತಿರಲಿಲ್ಲ. ಅಧಿಕಾರ, ಪ್ರಮಾಣ ಎಂಬ ಭಾವವಾಚಕ ಅರ್ಥದಲ್ಲೇ ಕುರಾನಿನಲ್ಲಿ ಬಳಕೆಯಾಗಿದೆ. ಅಧಿಕಾರ ಉಳ್ಳವನನ್ನೇ ‘ಅಧಿಕಾರ’ ಎಂದು ಕರೆಯುವ ರೂಢಿ ಆಮೇಲೆ ಬಂತು. 11ನೇ ಶತಮಾನದಲ್ಲಿ ಸೆಲ್ಜುಕ್ ದೊರೆ ತುಘ್ರಿಲ್ ಇದನ್ನು ಬಿರುದಾಗಿ ನಾಣ್ಯದ ಮೇಲೆ ಹಾಕಿಸಿದ. ಬಾಗ್ದಾದಿನ ಖಲೀಫನಿಗೆ ಧಾರ್ಮಿಕ ಗೌರವ, ಕತ್ತಿ ಮತ್ತು ಖಜಾನೆ ಮಾತ್ರ ಸುಲ್ತಾನನ ಕೈಯಲ್ಲಿ. ಲೆಕ್ಕಾಚಾರ ಹಾಗಿತ್ತು. ದೆಹಲಿಯ ಇಲ್ತುತ್ಮಿಶ್ 1229ರಲ್ಲಿ ಖಲೀಫನಿಂದ ಮನ್ನಣೆ ಪಡೆದ.

ಇದೇ ಇಲ್ತುತ್ಮಿಶನ ನಾಣ್ಯಗಳ ಮೇಲೆ ನಾಗರಿ ಲಿಪಿಯಲ್ಲಿ ‘ಸುರಿತಾಣ ಶ್ರೀ ಸಮಸದಿಣ’ ಎಂಬ ಬರಹ ಇದೆ. ಅಂದರೆ ಸುಲ್ತಾನ್ ಶಂಸುದ್ದೀನ್. ನಮ್ಮ ನಾಲಿಗೆಗೆ ಲ್ತ ಒತ್ತಕ್ಷರ ಕಷ್ಟ, ನಡುವೆ ಸ್ವರ ಸೇರುತ್ತದೆ, ಲಕಾರ ರಕಾರವಾಗುತ್ತದೆ. ‘ಅಮೀರ್’ ಪದಕ್ಕೂ ಹೀಗೇ ಆಗಿ ‘ಹಮ್ಮೀರ’ ಎಂದಾಯಿತು. ತಮಾಷೆ ನೋಡಿ, ಅಲಾವುದ್ದೀನ್ ಖಿಲ್ಜಿಯ ವಿರುದ್ಧ ಹೋರಾಡಿ 1301ರಲ್ಲಿ ಮಡಿದ ರಣಥಂಭೋರಿನ ಚೌಹಾಣ ರಾಜನ ಹೆಸರೇ ಹಮ್ಮೀರ!

ಈಗ ದಕ್ಷಿಣಕ್ಕೆ ಬನ್ನಿ. ಕನ್ನಡದ ಕಲ್ಲುಗಳಲ್ಲಿ ಇದೇ ಬಿರುದು ‘ಹಿಂದುರಾಯಸುರತಾಳ’ ಎಂದೂ ಸಿಗುತ್ತದೆ. ನನ್ನ ಮಟ್ಟಿಗೆ ಕೀಲಿಕೈ ಇಲ್ಲಿದೆ. ‘ಸುರತಾಳ’ದಲ್ಲಿ ತ್ರಾಣವೂ ಇಲ್ಲ, ರಕ್ಷಣೆಯೂ ಇಲ್ಲ. ಅದು ಸುಲ್ತಾನ್ ಪದದ ಆಡುಮಾತಿನ ರೂಪ ಅಷ್ಟೇ. ಸಂಸ್ಕೃತ ಬಲ್ಲವರು ಅದನ್ನೇ ತಿದ್ದಿ, ದೇವಭಾಷೆಗೆ ಒಪ್ಪುವ ಹಾಗೆ ‘ಸುರತ್ರಾಣ’ ಮಾಡಿದರು. ಪರಕೀಯ ಪದಕ್ಕೆ ಮನೆಯ ಬಟ್ಟೆ ಉಡಿಸಿದ ಹಾಗೆ. ದೇವರನ್ನು ಕಾಯುವವನು ಎಂಬ ಧ್ವನಿ ಅವರಿಗೆ ಹಿತವಾಗಿಯೇ ಕೇಳಿಸಿರಬೇಕು. ಆದರೆ ಆ ಧ್ವನಿ ಆಮೇಲೆ ಸೇರಿದ್ದು.

ಇನ್ನೂ ಅನುಮಾನ ಇದ್ದರೆ ರಾಜಸ್ಥಾನದ ರಾಣಕ್‌ಪುರಕ್ಕೆ ಹೋಗಬೇಕು. ಅಲ್ಲಿನ ಜೈನ ಬಸದಿಯ 1439ರ ಸಂಸ್ಕೃತ ಶಾಸನ ಮೇವಾಡದ ರಾಣಾ ಕುಂಭನನ್ನು ‘ಹಿಂದು ಸುರತ್ರಾಣ’ ಎನ್ನುತ್ತದೆ. ದೆಹಲಿ ಮತ್ತು ಗುಜರಾತಿನ ಸುರತ್ರಾಣರು ಕೊಟ್ಟ ಛತ್ರದಿಂದ ಈ ಬಿರುದು ಪ್ರಸಿದ್ಧವಾಯಿತು ಎಂದೂ ಹೇಳುತ್ತದೆ. ಒಂದೇ ವಾಕ್ಯದಲ್ಲಿ ಆ ಸುಲ್ತಾನರಿಗೂ ಈ ರಾಣಾನಿಗೂ ಅದೇ ಪದ. ದೆಹಲಿಯವನು ದೇವತೆಗಳ ರಕ್ಷಕ ಅಂತ ಇಲ್ಲಿ ಯಾರೂ ಅರ್ಥ ಮಾಡಲಾರರು.

ಹಾಗಾದರೆ ಬುಕ್ಕ ಹೇಳಿಕೊಂಡಿದ್ದೇನು? ‘ಹಿಂದೂ ರಾಜರ ನಡುವೆ ನಾನು ಸುಲ್ತಾನ’ ಎಂದು. ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರ ಲೇಖನದಲ್ಲಿ ಇದನ್ನೇ ವಾದಿಸಿದ್ದಾರೆ. ಆಗಿನ ಸನ್ನಿವೇಶ ನೆನೆಯಿರಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದೆ, ಮಧುರೆಯಲ್ಲೂ ಸುಲ್ತಾನರಿದ್ದಾರೆ. ‘ಮಹಾಮಂಡಲೇಶ್ವರ’ ಎಂದರೆ ಆ ನೆರೆಯವರಿಗೆ ಏನು ತಿಳಿದೀತು? ‘ಸುರತಾಳ’ ಅಂದರೆ ತಿಳಿಯುತ್ತದೆ. ಈ ಬಿರುದಿನ ‘ಹಿಂದು’ ಕೂಡ ಪಾರಸಿಯಿಂದಲೇ ಬಂದ ಪದ. ದರ್ಬಾರಿನ ಉಡುಪಿನಲ್ಲೂ ಇದೇ ಕತೆ: ಕಬಾಯಿ ಅರಬ್ಬಿ ಮೂಲದ್ದು, ಕುಲಾವಿ ಪಾರಸಿ ಮೂಲದ್ದು. ತಿರುಮಲದಲ್ಲಿರುವ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆ ಮೇಲಿನ ಎತ್ತರದ ಟೋಪಿ ನೋಡಿ. ಅದು ಆ ಕಾಲದ ಕುಲಾವಿ.

ಇದರಲ್ಲಿ ಶರಣಾಗತಿಯೂ ಇಲ್ಲ, ಧರ್ಮಯುದ್ಧದ ಘೋಷಣೆಯೂ ಇಲ್ಲ. ನೆರೆಯವನ ಭಾಷೆಯಲ್ಲೇ ‘ನಾನೂ ನಿನಗೆ ಸಮ’ ಎನ್ನುವ ಧೈರ್ಯ ಇದೆ. ‘ರಕ್ಷಕ’ ಎಂದು ಓದಿದರೆ ಅದೇ ಕಾಣೆಯಾಗುತ್ತದೆ. ಹಾಗಾಗಿ ಮುಂದಿನ ಸಲ ಬಿರುದಾವಳಿ ಓದುವಾಗ ಮುದ್ರಿತ ಪಾಠವನ್ನೇ ನಂಬಿ ಕೂರಬೇಡಿ. ಪಡಿಯಚ್ಚು ಸಿಕ್ಕರೆ, ಕಲ್ಲಿನಲ್ಲಿ ತಾಳ ಇದೆಯೋ ತ್ರಾಣ ಇದೆಯೋ ನೋಡಿ ಬರೆದಿಟ್ಟುಕೊಳ್ಳಿ. ಆ ಒಂದು ಅಕ್ಷರಕ್ಕೆ ಬೆಲೆ ಇದೆ.